ಉಬುಂಟು 14.04: ಪಾಸ್‌ವರ್ಡ್ ಸರಿಯಿದ್ದರೂ ಮತ್ತೆ ಲಾಗಿನ್ ಪರದೆಗೇ ಬಂದು ನಿಲ್ಲುತ್ತಿದೆ, ಒಳಗೆ ಅಪ್ಪನ ಬರಹಗಳಿವೆ

ಹೊಳೆಸಾಲು
ಎಲ್ಲರಿಗೂ ನಮಸ್ಕಾರ. ಶಿರಸಿ ತಾಲೂಕಿನ ನಮ್ಮ ಊರಮನೆಯಲ್ಲಿ ಅಪ್ಪ ಬಳಸುವ ಹಳೆಯ ಡೆಸ್ಕ್‌ಟಾಪ್ ಒಂದಿದೆ. ಇಂಟೆಲ್ ಕೋರ್ 2 ಡ್ಯುಯೊ ಪ್ರೊಸೆಸರ್, 2 ಜಿಬಿ ರ್‍ಯಾಮ್, 80 ಜಿಬಿ ಡಿಸ್ಕ್. ಗ್ರಾಫಿಕ್ಸ್ ಮದರ್‌ಬೋರ್ಡಿನಲ್ಲೇ ಇರುವ ಇಂಟೆಲ್‌ನದು. ಅದರಲ್ಲಿ ಉಬುಂಟು 14.04 ಎಂಬ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ 32 ಬಿಟ್ ಆವೃತ್ತಿಯನ್ನು ನಾನೇ ಹಾಕಿಕೊಟ್ಟಿದ್ದೆ. ಅಪ್ಪ ಹಳೆಯ ಯಕ್ಷಗಾನ ಪ್ರಸಂಗಗಳ ಕೈಬರಹದ ಪ್ರತಿಗಳನ್ನು ಲಿಬ್ರೆಆಫೀಸಿನಲ್ಲಿ ಕನ್ನಡದಲ್ಲೇ ಬೆರಳಚ್ಚು ಮಾಡಿಡುತ್ತಿದ್ದಾರೆ. ಕಾಗದಗಳನ್ನು ಕೊಟ್ಟ ಭಾಗವತರ ಮನೆಯವರು ಅವನ್ನು ವಾಪಸು ಒಯ್ದಿದ್ದಾರೆ. ಆದ್ದರಿಂದ ಈಗ ಉಳಿದಿರುವುದು ಈ ಯಂತ್ರದೊಳಗಿನ ಪ್ರತಿ ಮಾತ್ರ.

ಶನಿವಾರದಿಂದ ಲಾಗಿನ್ ಆಗುತ್ತಿಲ್ಲ. ಅಪ್ಪನ ಹೆಸರಿನ ಕೆಳಗೆ ಪಾಸ್‌ವರ್ಡ್ ಕೊಟ್ಟು ಎಂಟರ್ ಒತ್ತಿದರೆ ಪರದೆ ಎರಡು ಸೆಕೆಂಡ್ ಕಪ್ಪಾಗುತ್ತದೆ, ಬಿಳಿ ಅಕ್ಷರಗಳ ಒಂದೆರಡು ಸಾಲು ಮಿಂಚಿ ಮಾಯವಾಗುತ್ತವೆ, ಆಮೇಲೆ ಅದೇ ಲಾಗಿನ್ ಪರದೆ ಮತ್ತೆ ಬರುತ್ತದೆ. ಬೇಕೆಂದೇ ತಪ್ಪು ಪಾಸ್‌ವರ್ಡ್ ಕೊಟ್ಟರೆ ಮಾತ್ರ ‘ತಪ್ಪಾಗಿದೆ’ ಎಂದು ಹೇಳುತ್ತದೆ. ಪೇಟೆಯಲ್ಲಿ ರಿಪೇರಿ ಮಾಡುವವರೊಬ್ಬರು ಫೋನಿನಲ್ಲೇ ‘ಫಾರ್ಮ್ಯಾಟ್ ಮಾಡಬೇಕು’ ಎಂದರು. ಅದಕ್ಕೆ ಮೊದಲು ಇಲ್ಲಿ ಕೇಳೋಣ ಎನಿಸಿತು. ನಾನು ಭಾನುವಾರದವರೆಗೆ ಊರಿನಲ್ಲಿ ಇರುತ್ತೇನೆ. ಅಂತರ್ಜಾಲ ಫೋನಿನಲ್ಲಿ ಮಾತ್ರ ಇದೆ.

ತುಂಗಾತೀರ
ಇದು ಬಹಳ ಮಂದಿಗೆ ಆಗಿರುವ ತೊಂದರೆ. ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘ಎಕ್ಸ್‌ಅಥಾರಿಟಿ’ ಎಂಬ ಅಡಗಿದ ಫೈಲ್ ಇರುತ್ತದೆ. ಅದರ ಒಡೆತನ ರೂಟ್‌ಗೆ, ಅಂದರೆ ಯಂತ್ರದ ಮೇಲ್ವಿಚಾರಕ ಖಾತೆಗೆ, ಹೋಗಿದ್ದರೆ ಹೀಗೆ ಆಗುತ್ತದೆ. ಒಡೆತನವನ್ನು ಅಪ್ಪನ ಹೆಸರಿಗೆ ಬದಲಾಯಿಸಿ ನೋಡಿ. ಆಗದಿದ್ದರೆ ಹೊಸದಾಗಿ ಇನ್‌ಸ್ಟಾಲ್ ಮಾಡುವುದೇ ಲೇಸು, ಏಕೆಂದರೆ 14.04ಕ್ಕೆ ಸಾಮಾನ್ಯ ಬೆಂಬಲ 2019ರ ಏಪ್ರಿಲ್‌ನಲ್ಲೇ ಮುಗಿದಿದೆ.

ಕರಿಪರದೆ
ಹೊಳೆಸಾಲು ಅವರೇ, ದಯವಿಟ್ಟು ಫಾರ್ಮ್ಯಾಟ್ ಮಾತನ್ನು ಸದ್ಯಕ್ಕೆ ಬದಿಗಿಡಿ. ನೀವು ಬರೆದುದರಲ್ಲಿಯೇ ದೊಡ್ಡ ಸುಳಿವೊಂದಿದೆ. ತಪ್ಪು ಪಾಸ್‌ವರ್ಡ್‌ಗೆ ಒಂದು ಉತ್ತರ, ಸರಿಯಾದದ್ದಕ್ಕೆ ಇನ್ನೊಂದು ಉತ್ತರ ಬರುತ್ತಿದೆ ಎಂದರೆ, ಪಾಸ್‌ವರ್ಡ್ ಪರಿಶೀಲನೆ ಸರಿಯಾಗಿಯೇ ನಡೆಯುತ್ತಿದೆ. ಬಾಗಿಲು ತೆರೆಯುತ್ತಿದೆ, ಆದರೆ ಒಳಗೆ ಕಾಲಿಟ್ಟ ಕೂಡಲೇ ಏನೋ ಎಡವಿ ಬೀಳುತ್ತಿದೆ. 14.04ರಲ್ಲಿ ಲಾಗಿನ್ ಪರದೆಯನ್ನು ತೋರಿಸುವುದು ಲೈಟ್‌ಡಿಎಂ. ಅದು ಪಾಸ್‌ವರ್ಡ್ ಒಪ್ಪಿದ ಮೇಲೆ ಬಳಕೆದಾರರ ಹೆಸರಿನಲ್ಲಿ ಒಂದು ಸೆಷನ್ ಶುರು ಮಾಡುತ್ತದೆ. ಆ ಸೆಷನ್ ಮೊದಲು ಮಾಡುವ ಕೆಲಸಗಳಲ್ಲಿ ಹೋಮ್ ಫೋಲ್ಡರಿನಲ್ಲಿ ಕೆಲವು ಸಣ್ಣ ಫೈಲ್‌ಗಳನ್ನು ಬರೆಯುವುದೂ ಒಂದು. ತುಂಗಾತೀರ ಅವರು ಹೇಳಿದ ಎಕ್ಸ್‌ಅಥಾರಿಟಿ ಅಂಥದ್ದು. ಪರದೆಯ ಮೇಲೆ ಚಿತ್ರ ಬಿಡಿಸಲು ಈ ಬಳಕೆದಾರರಿಗೆ ಅನುಮತಿಯಿದೆ ಎಂಬ ಚೀಟಿ ಅದರಲ್ಲಿರುತ್ತದೆ. ಆ ಚೀಟಿಯನ್ನು ಬರೆಯಲು ಆಗದಿದ್ದರೆ ಸೆಷನ್ ಅಲ್ಲಿಗೇ ಮುಗಿಯುತ್ತದೆ, ಲೈಟ್‌ಡಿಎಂ ಮತ್ತೆ ಲಾಗಿನ್ ಪರದೆಯನ್ನು ತಂದು ನಿಲ್ಲಿಸುತ್ತದೆ.

ಬರೆಯಲು ಆಗದಿರುವುದಕ್ಕೆ ಒಡೆತನ ಒಂದು ಕಾರಣ ಅಷ್ಟೇ. ಡಿಸ್ಕ್ ತುಂಬಿರಬಹುದು, ತಾತ್ಕಾಲಿಕ ಫೈಲ್‌ಗಳನ್ನು ಇಡುವ ಟಿಎಂಪಿ ಫೋಲ್ಡರಿನ ಅನುಮತಿ ಕೆಟ್ಟಿರಬಹುದು (ಎಲ್ಲರೂ ಬರೆಯಬಲ್ಲಂತೆ ಅದು 1777 ಆಗಿರಬೇಕು), ಅಥವಾ ಅಪ್ಪನ ‘ಪ್ರೊಫೈಲ್’ ಫೈಲಿನಲ್ಲಿ ಯಾರೋ ಸೇರಿಸಿದ ಸಾಲು ತಪ್ಪಾಗಿರಬಹುದು. ಯಾವುದೆಂದು ತಿಳಿಯದೆ ಕೈಹಾಕುವುದು ಬೇಡ.

ಮೊದಲು ಲಾಗಿನ್ ಪರದೆಯಲ್ಲಿ ಕಾಣುವ ಗೆಸ್ಟ್ ಸೆಷನ್ ಒತ್ತಿ ನೋಡಿ. ಅದು ತೆರೆದುಕೊಂಡರೆ ಗ್ರಾಫಿಕ್ಸ್ ಡ್ರೈವರ್, ಪರದೆಗೆ ಚಿತ್ರ ಬಿಡಿಸುವ ಎಕ್ಸ್ ಸರ್ವರ್, 14.04ರ ಡೆಸ್ಕ್‌ಟಾಪ್ ಆದ ಯೂನಿಟಿ ಎಲ್ಲವೂ ಆರೋಗ್ಯವಾಗಿವೆ, ತೊಂದರೆ ಅಪ್ಪನ ಖಾತೆಗೆ ಸೇರಿದ್ದು ಎಂದು ಅರ್ಥ. ಆನಂತರ ಕಂಟ್ರೋಲ್, ಆಲ್ಟ್, ಎಫ್1 ಮೂರನ್ನೂ ಒಟ್ಟಿಗೆ ಒತ್ತಿ. ಕಪ್ಪು ಪರದೆಯಲ್ಲಿ ಲಾಗಿನ್ ಕೇಳುತ್ತದೆ, ಅಪ್ಪನ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್ ಕೊಡಿ. ಕಂಟ್ರೋಲ್, ಆಲ್ಟ್, ಎಫ್7 ಒತ್ತಿದರೆ ಚಿತ್ರದ ಪರದೆಗೆ ಮರಳಬಹುದು. ಕಪ್ಪು ಪರದೆಯಲ್ಲಿ ‘ಡಿಎಫ್ -ಎಚ್’ ಮತ್ತು ‘ಎಲ್ಎಸ್ -ಎಲ್ಎ’ ಎಂಬ ಎರಡು ಕಮಾಂಡ್ ಕೊಟ್ಟು, ಏನು ಬಂತೆಂದು ಇಲ್ಲಿ ಬರೆಯಿರಿ. ನೀವು ಫೋನಿನಲ್ಲಿ ಓದಿಕೊಂಡು ಟೈಪ್ ಮಾಡಬೇಕಾದ್ದರಿಂದ ಕಮಾಂಡ್‌ಗಳನ್ನು ಉಚ್ಚರಿಸುವಂತೆಯೇ ಬರೆದಿದ್ದೇನೆ. ಎಲ್ಲವೂ ಇಂಗ್ಲಿಷಿನ ಸಣ್ಣ ಅಕ್ಷರಗಳು. ಈ ಎರಡು ಕಮಾಂಡ್‌ಗಳು ನೋಡುತ್ತವೆ, ಏನನ್ನೂ ಬದಲಾಯಿಸುವುದಿಲ್ಲ.

ಹೊಳೆಸಾಲು
ಇಷ್ಟು ವಿವರವಾಗಿ ಬರೆದದ್ದಕ್ಕೆ ಕೃತಜ್ಞತೆಗಳು. ಗೆಸ್ಟ್ ಸೆಷನ್ ತೆರೆಯುತ್ತದೆ. ಅದು ತೆರೆಯುವುದು ಅಪ್ಪನಿಗೆ ಮೊದಲೇ ತಿಳಿದಿತ್ತಂತೆ. ಭಾನುವಾರ ಅದರಲ್ಲೇ ಕುಳಿತು ಒಂದು ಪ್ರಸಂಗದ ಎರಡು ಪುಟ ಟೈಪ್ ಮಾಡಿ, ಉಳಿಸಿ, ಯಂತ್ರ ಆಫ್ ಮಾಡಿದ್ದರು. ಸೋಮವಾರ ನೋಡಿದರೆ ಆ ಫೈಲ್ ಇಲ್ಲ. ಅದನ್ನು ಹೇಳುವಾಗ ಅವರ ಮುಖ ನೋಡಲಾಗಲಿಲ್ಲ.

ಕಪ್ಪು ಪರದೆ ಬಂತು. ಆದರೆ ಅಲ್ಲಿ ಅದೇ ಪಾಸ್‌ವರ್ಡ್ ಕೊಟ್ಟರೆ ‘ಲಾಗಿನ್ ಇನ್‌ಕರೆಕ್ಟ್’ ಎನ್ನುತ್ತದೆ. ನಾಲ್ಕು ಸಲ ಪ್ರಯತ್ನಿಸಿದೆ. ಚಿತ್ರದ ಪರದೆಯಲ್ಲಿ ಒಪ್ಪುವ ಪಾಸ್‌ವರ್ಡ್ ಇಲ್ಲಿ ಒಪ್ಪುತ್ತಿಲ್ಲವೇಕೆ?

ಅಕ್ಷರಜೋಡಣೆ
ಪಾಸ್‌ವರ್ಡಿನಲ್ಲಿ ಅಂಕಿಗಳಿವೆಯೇ? ಅವನ್ನು ಕೀಲಿಮಣೆಯ ಬಲಬದಿಯ ಅಂಕಿಪಟ್ಟಿಯಿಂದ ಒತ್ತುತ್ತಿದ್ದೀರಾ? ಕಪ್ಪು ಪರದೆಗೆ ಹೋದಾಗ ನಮ್‌ಲಾಕ್ ಸಾಮಾನ್ಯವಾಗಿ ಆಫ್ ಆಗಿರುತ್ತದೆ. ಚಿತ್ರದ ಪರದೆಯಲ್ಲಿ ಆನ್ ಇದ್ದರೂ ಇಲ್ಲಿ ಅದರ ಸ್ಥಿತಿ ಬೇರೆ. ಪಾಸ್‌ವರ್ಡ್ ಒತ್ತುವಾಗ ನಕ್ಷತ್ರವಾಗಲಿ ಚುಕ್ಕಿಯಾಗಲಿ ಕಾಣದ ಕಾರಣ ಅಂಕಿ ಬೀಳದಿರುವುದೂ ತಿಳಿಯುವುದಿಲ್ಲ. ಅಕ್ಷರಗಳ ಮೇಲಿನ ಸಾಲಿನಲ್ಲಿರುವ ಅಂಕಿಗಳನ್ನು ಬಳಸಿ ನೋಡಿ.

ಇದೇ ಜಾತಿಯ ಇನ್ನೊಂದು ತೊಡಕನ್ನು ಕನ್ನಡದಲ್ಲಿ ಕೆಲಸ ಮಾಡುವವರೆಲ್ಲ ತಿಳಿದಿರಬೇಕು. ನಾನು ಪುಟವಿನ್ಯಾಸದ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಒಂದು ಯಂತ್ರದ ಕೀಲಿಮಣೆ ಪಟ್ಟಿಯಲ್ಲಿ ಕನ್ನಡ ಮೇಲೆ, ಇಂಗ್ಲಿಷ್ ಕೆಳಗೆ ಆಗಿಬಿಟ್ಟಿತ್ತು. ಲಾಗಿನ್ ಪರದೆಯಲ್ಲಿ ಪಾಸ್‌ವರ್ಡ್ ಒತ್ತಿದರೆ ಒಳಗೆ ಬೀಳುತ್ತಿದ್ದುದು ಕನ್ನಡದ ಅಕ್ಷರಗಳು, ಕಣ್ಣಿಗೆ ಕಾಣುತ್ತಿದ್ದುದು ಬರೀ ಚುಕ್ಕಿಗಳು. ಇಡೀ ಬೆಳಗ್ಗೆ ಪಾಸ್‌ವರ್ಡ್ ಮರೆತುಹೋಗಿದೆ ಎಂದೇ ಭಾವಿಸಿದ್ದೆವು. ಲಾಗಿನ್ ಪರದೆಯ ಮೇಲ್ಭಾಗದ ಪಟ್ಟಿಯಲ್ಲಿ ಭಾಷೆಯ ಗುರುತು ಇರುತ್ತದೆ, ಮೊದಲು ಅದನ್ನು ನೋಡುವುದನ್ನು ಅಂದಿನಿಂದ ರೂಢಿ ಮಾಡಿಕೊಂಡೆವು. ನಿಮ್ಮ ತಂದೆಯವರ ತೊಂದರೆ ಅದಲ್ಲ, ಏಕೆಂದರೆ ಅವರ ಪಾಸ್‌ವರ್ಡ್ ಒಪ್ಪಿಗೆಯಾಗುತ್ತಿದೆ.

ಅವರ ಎರಡು ಪುಟ ಹೋದದ್ದು ಓದಿ ಬೇಸರವಾಯಿತು. ಗೆಸ್ಟ್ ಸೆಷನ್‌ನ ಹೋಮ್ ಫೋಲ್ಡರ್ ಇರುವುದು ಮೆಮೊರಿಯಲ್ಲಿ, ಲಾಗೌಟ್ ಆದ ಕೂಡಲೇ ಅದು ಅಳಿಸಿಹೋಗುತ್ತದೆ. ಇನ್ನು ಮುಂದೆ ಅದರಲ್ಲಿ ಏನನ್ನೂ ಬರೆಯಬಾರದೆಂದು ಅವರಿಗೆ ತಿಳಿಸಿ.

ಹೊಳೆಸಾಲು
ಮೇಡಂ, ನೀವು ಹೇಳಿದ್ದು ಸರಿ. ಮೇಲಿನ ಸಾಲಿನ ಅಂಕಿಗಳಿಂದ ಒಳಗೆ ಹೋಯಿತು.

‘ಡಿಎಫ್ -ಎಚ್’ ಕೊಟ್ಟಾಗ ಮುಖ್ಯ ವಿಭಾಗದ ಸಾಲಿನಲ್ಲಿ ಗಾತ್ರ 71ಜಿ, ಬಳಸಿದ್ದು 68ಜಿ, ಉಳಿದದ್ದು 0, ಶೇಕಡ 100 ಎಂದು ಬಂತು. 71ರಲ್ಲಿ 68 ಕಳೆದರೆ 3 ಉಳಿಯಬೇಕಲ್ಲವೇ? ‘ಎಲ್ಎಸ್ -ಎಲ್ಎ’ಯಲ್ಲಿ ಎಕ್ಸ್‌ಅಥಾರಿಟಿ ಫೈಲಿನ ಒಡೆತನ ಅಪ್ಪನ ಹೆಸರಿನಲ್ಲೇ ಇತ್ತು, ಆದರೆ ಗಾತ್ರದ ಜಾಗದಲ್ಲಿ 0 ಇತ್ತು.

ಆಮೇಲೆ ನಾನೊಂದು ಕೆಲಸ ಮಾಡಿದೆ, ಹೇಳಿಬಿಡುತ್ತೇನೆ. ಬೇರೊಂದು ಕಡೆ ಓದಿ ‘ಸುಡೊ ಸ್ಟಾರ್ಟ್‌ಎಕ್ಸ್’, ಅಂದರೆ ರೂಟ್‌ನ ಅಧಿಕಾರದಲ್ಲಿ ಚಿತ್ರದ ಪರದೆ ತೆರೆಯುವ ಕಮಾಂಡ್, ಕೊಟ್ಟೆ. ಡೆಸ್ಕ್‌ಟಾಪ್ ಬಂದೇ ಬಿಟ್ಟಿತು. ಖುಷಿಯಿಂದ ಯಂತ್ರವನ್ನು ರೀಸ್ಟಾರ್ಟ್ ಮಾಡಿದೆ. ಮತ್ತೆ ಅದೇ ಲಾಗಿನ್ ಪರದೆ. ಈಗ ನೋಡಿದರೆ ಎಕ್ಸ್‌ಅಥಾರಿಟಿಯ ಮುಂದೆ ‘ರೂಟ್ ರೂಟ್’ ಎಂದಿದೆ, ಗಾತ್ರವೂ 0 ಅಲ್ಲ.

ಕರಿಪರದೆ
ಹೇಳಿದ್ದು ಒಳ್ಳೆಯದಾಯಿತು. ಹೇಳದಿದ್ದರೆ ನಾವೆಲ್ಲ ತಪ್ಪು ದಾರಿಯಲ್ಲಿ ಬಹಳ ದೂರ ಹೋಗುತ್ತಿದ್ದೆವು. ಈಗ ನಿಮ್ಮ ಯಂತ್ರದಲ್ಲಿ ಎರಡು ತೊಂದರೆಗಳಿವೆ: ಮೊದಲಿನಿಂದ ಇದ್ದದ್ದು ಒಂದು, ಸ್ಟಾರ್ಟ್‌ಎಕ್ಸ್ ತಂದದ್ದು ಇನ್ನೊಂದು.

ಮೊದಲು ನಿಮ್ಮ 3 ಜಿಬಿಯ ಪ್ರಶ್ನೆ, ಏಕೆಂದರೆ ಎಲ್ಲವೂ ಅದರಲ್ಲೇ ಇದೆ. ಉಬುಂಟು ಬಳಸುವ ಎಕ್ಸ್ಟ್4 ಫೈಲ್ ವ್ಯವಸ್ಥೆಯು ವಿಭಾಗದ ಶೇಕಡ 5ರಷ್ಟು ಜಾಗವನ್ನು ರೂಟ್‌ಗೆಂದು ಕಾದಿರಿಸುತ್ತದೆ. 71ರಲ್ಲಿ ಶೇಕಡ 5 ಎಂದರೆ ಮೂರೂವರೆ ಜಿಬಿ. ಸಾಮಾನ್ಯ ಬಳಕೆದಾರರ ಪಾಲಿಗೆ ಡಿಸ್ಕ್ ಮುಗಿದಿದೆ, ರೂಟ್‌ನ ಪಾಲಿಗೆ ಇನ್ನೂ ಮೂರು ಜಿಬಿ ಇದೆ. ಇದರಿಂದ ನೀವು ಕಂಡ ಎಲ್ಲ ಸಂಗತಿಗಳೂ ತಾಳೆಯಾಗುತ್ತವೆ. ವ್ಯವಸ್ಥೆಯ ಸೇವೆಗಳು ರೂಟ್ ಆಗಿ ಓಡುವುದರಿಂದ ಲಾಗಿನ್ ಪರದೆ ಬರುತ್ತದೆ. ಗೆಸ್ಟ್‌ನ ಫೋಲ್ಡರ್ ಮೆಮೊರಿಯಲ್ಲಿರುವುದರಿಂದ ಅದೂ ತೆರೆಯುತ್ತದೆ. ಅಪ್ಪನ ಖಾತೆ ಮಾತ್ರ ಚೀಟಿಯನ್ನು ಬರೆಯಲು ಹೋಗಿ, ಫೈಲ್ ಸೃಷ್ಟಿಯಾಗಿ, ಅದರೊಳಗೆ ಒಂದು ಅಕ್ಷರವೂ ಹಿಡಿಯದೆ 0 ಗಾತ್ರದಲ್ಲೇ ನಿಂತಿತು. ನೀವು ಮೊದಲ ಸಲ ನೋಡಿದ ಆ ಸೊನ್ನೆಯೇ ರೋಗದ ಗುರುತು. ತುಂಗಾತೀರ ಅವರ ಸಲಹೆ ಅನೇಕ ಕಡೆ ಫಲಿಸುತ್ತದೆ ನಿಜ, ಆದರೆ ಒಡೆತನ ಸರಿಯಿದ್ದು ಗಾತ್ರ ಸೊನ್ನೆಯಾಗಿರುವ ಇಂಥ ಕಡೆ ಅದರಿಂದ ಪ್ರಯೋಜನವಿರಲಿಲ್ಲ.

ಸುಡೊ ಸ್ಟಾರ್ಟ್‌ಎಕ್ಸ್ ಕೊಟ್ಟಾಗ ಡೆಸ್ಕ್‌ಟಾಪ್ ಬಂದದ್ದೂ ಈ ಕಾರಣಕ್ಕೇ. ರೂಟ್‌ಗೆ ಜಾಗವಿತ್ತು. ಆದರೆ ಆ ಕಾಲದ ಉಬುಂಟುವಿನಲ್ಲಿ ಸುಡೊ ಬಳಸಿದಾಗ ಹೋಮ್ ಫೋಲ್ಡರ್ ಎಂದರೆ ಬಳಕೆದಾರರ ಹೋಮ್ ಫೋಲ್ಡರೇ ಆಗಿ ಉಳಿಯುತ್ತಿತ್ತು, 19.10ರ ಆವೃತ್ತಿಯಿಂದ ಅದನ್ನು ಬದಲಾಯಿಸಿ ರೂಟ್‌ನ ಸ್ವಂತ ಫೋಲ್ಡರ್ ಆಗುವಂತೆ ಮಾಡಿದರು. ಹಾಗಾಗಿ 14.04ರಲ್ಲಿ ಚಿತ್ರಾತ್ಮಕ ತಂತ್ರಾಂಶವನ್ನು ಸುಡೊ ಹಾಕಿ ತೆರೆದರೆ, ರೂಟ್ ಒಡೆತನದ ಫೈಲ್‌ಗಳು ಅಪ್ಪನ ಫೋಲ್ಡರಿನೊಳಗೆ ಬಂದು ಕೂರುತ್ತವೆ. ಹಳೆಯ ಉಬುಂಟುವಿನ ಎಷ್ಟೋ ಲಾಗಿನ್ ತೊಂದರೆಗಳ ಮೂಲ ಇದೇ. ದಯವಿಟ್ಟು ಮತ್ತೆ ಅದನ್ನು ಕೊಡಬೇಡಿ.

ಮುಂದಿನ ಹೆಜ್ಜೆ ರಿಪೇರಿಯಲ್ಲ, ಪ್ರತಿ ತೆಗೆಯುವುದು. ಪ್ರಸಂಗಗಳು ಪೆನ್‌ಡ್ರೈವ್‌ಗೆ ಹೋಗುವವರೆಗೆ ಬೇರೆ ಏನನ್ನೂ ಮುಟ್ಟುವುದು ಬೇಡ.

ಹೊಳೆಸಾಲು
ಇನ್ನು ಕೊಡುವುದಿಲ್ಲ. ಒಂದು ಭಯ ಕಾಡುತ್ತಿದೆ. ಕಪ್ಪು ಪರದೆಯಲ್ಲಿ ಡಾಕ್ಯುಮೆಂಟ್ಸ್ ಫೋಲ್ಡರ್ ನೋಡಿದರೆ ಕನ್ನಡ ಹೆಸರಿನ ಫೈಲ್‌ಗಳೆಲ್ಲ ಬರೀ ಚೌಕಗಳಾಗಿ ಕಾಣುತ್ತಿವೆ. ಫೈಲ್‌ಗಳು ಕೆಟ್ಟುಹೋಗಿವೆಯೇ?

ಅಕ್ಷರಜೋಡಣೆ
ಕೆಟ್ಟಿಲ್ಲ, ಧೈರ್ಯವಾಗಿರಿ. ಲಿನಕ್ಸಿನ ಕಪ್ಪು ಪರದೆಯ ಫಾಂಟ್‌ನಲ್ಲಿ ಹೆಚ್ಚೆಂದರೆ 512 ಆಕೃತಿಗಳಿಗೆ ಮಾತ್ರ ಜಾಗ, ಒತ್ತಕ್ಷರಗಳನ್ನು ಜೋಡಿಸುವ ಸಾಮರ್ಥ್ಯವೂ ಅದಕ್ಕಿಲ್ಲ. ಹೆಸರುಗಳು ಡಿಸ್ಕಿನಲ್ಲಿ ಯೂನಿಕೋಡ್‌ನಲ್ಲಿ ಇದ್ದ ಹಾಗೆಯೇ ಇವೆ, ತೋರಿಸಲು ಮಾತ್ರ ಅದಕ್ಕೆ ಬರುವುದಿಲ್ಲ.

ಆದರೆ ಪ್ರತಿ ಮಾಡುವಾಗ ಎಚ್ಚರ ಬೇಕು. ಪೆನ್‌ಡ್ರೈವ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಫ್ಯಾಟ್32. ಚಿತ್ರದ ಪರದೆಯಲ್ಲಿ ಪೆನ್‌ಡ್ರೈವ್ ಚುಚ್ಚಿದರೆ ವ್ಯವಸ್ಥೆಯೇ ಅದನ್ನು ಯುಟಿಎಫ್8 ಆಯ್ಕೆಯೊಂದಿಗೆ ಜೋಡಿಸುತ್ತದೆ. ಕಪ್ಪು ಪರದೆಯಲ್ಲಿ ನಾವೇ ಮೌಂಟ್ ಮಾಡುವಾಗ ಆ ಆಯ್ಕೆ ಬಿಟ್ಟುಹೋದರೆ ಕನ್ನಡದ ಹೆಸರುಗಳು ಬೇರೆ ಯಂತ್ರದಲ್ಲಿ ಕಲಸುಮೇಲೋಗರವಾಗಿ ಕಾಣಬಹುದು. ಆದ್ದರಿಂದ ಇಡೀ ಫೋಲ್ಡರನ್ನು ಇಂಗ್ಲಿಷ್ ಹೆಸರಿನ ಒಂದೇ ಟಾರ್ ಫೈಲಾಗಿ ಕಟ್ಟಿ ಒಯ್ಯುವುದು ಸುರಕ್ಷಿತ. ಒಳಗಿನ ಕನ್ನಡದ ಹೆಸರುಗಳು ಆ ಗಂಟಿನೊಳಗೆ ಅಲುಗಾಡದೆ ಇರುತ್ತವೆ. ಡಿಸ್ಕಿನಲ್ಲಿ ಜಾಗವಿಲ್ಲದ ಕಾರಣ ಟಾರ್ ಫೈಲನ್ನು ನೇರವಾಗಿ ಪೆನ್‌ಡ್ರೈವ್‌ನಲ್ಲೇ ಸೃಷ್ಟಿಸಬೇಕು.

ಪೆನ್‌ಡ್ರೈವ್ ಚುಚ್ಚಿ ‘ಎಲ್ಎಸ್‌ಬಿಎಲ್‌ಕೆ’ ಎಂದು ಕೊಡಿ, ಅದರ ಹೆಸರು ಬಹುಶಃ ಎಸ್‌ಡಿಬಿ1 ಎಂದು ಬರುತ್ತದೆ. ಗಾತ್ರವನ್ನು ನೋಡಿ ಖಚಿತಪಡಿಸಿಕೊಳ್ಳಿ. ಸುಡೊ ಹಾಕಿ ಅದನ್ನು ‘ಎಂಎನ್‌ಟಿ’ ಫೋಲ್ಡರಿಗೆ ಮೌಂಟ್ ಮಾಡಿ, ಸುಡೊ ಹಾಕಿಯೇ ‘ಟಾರ್ -ಸಿಎಫ್’ ಕೊಟ್ಟು, ಮೊದಲು ಪೆನ್‌ಡ್ರೈವ್‌ನಲ್ಲಿ ಆಗಬೇಕಾದ ಫೈಲಿನ ಹೆಸರು, ಆಮೇಲೆ ಡಾಕ್ಯುಮೆಂಟ್ಸ್ ಎಂದು ಬರೆಯಿರಿ. ಫ್ಯಾಟ್32ರಲ್ಲಿ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ. ಪ್ರಸಂಗಗಳು ಅಷ್ಟು ದೊಡ್ಡವಾಗಿರಲಾರವು. ಮುಗಿದ ಮೇಲೆ ‘ಟಾರ್ -ಟಿಎಫ್’ ಕೊಟ್ಟು ಒಳಗಿನ ಹೆಸರುಗಳನ್ನು ಎಣಿಸಿ, ಮೂಲ ಫೋಲ್ಡರಿನ ಎಣಿಕೆಯೊಂದಿಗೆ ತಾಳೆ ನೋಡಿ. ಅನ್‌ಮೌಂಟ್ ಮಾಡದೆ ಪೆನ್‌ಡ್ರೈವ್ ಕೀಳಬೇಡಿ.

ಹೊಳೆಸಾಲು
ಆಯಿತು. ‘ಫೈಂಡ್’ ಕೊಟ್ಟು ಎಣಿಸಿದಾಗ ಫೋಲ್ಡರಿನಲ್ಲಿ 212, ಟಾರ್ ಒಳಗೂ 212. ಪೆನ್‌ಡ್ರೈವನ್ನು ಪಕ್ಕದ ಮನೆಯ ಹುಡುಗಿಯ ಲ್ಯಾಪ್‌ಟಾಪಿಗೆ ಹಾಕಿ ಬಿಡಿಸಿ ನೋಡಿದೆವು. ಹೆಸರುಗಳೆಲ್ಲ ಸ್ವಚ್ಛ ಕನ್ನಡದಲ್ಲಿ ಬಂದವು. ಅಪ್ಪ ಮೂರು ಪ್ರಸಂಗಗಳನ್ನು ತೆರೆಸಿ, ಕೊನೆಯ ಪುಟದ ಮಂಗಳಪದ್ಯದವರೆಗೂ ಓದಿದ ಮೇಲೆಯೇ ಎದ್ದರು.

ಈಗ ಜಾಗ ತಿಂದದ್ದು ಯಾವುದು ಎಂದು ಹುಡುಕುತ್ತಿದ್ದೇನೆ. ಹೋಮ್ ಫೋಲ್ಡರಿನಲ್ಲಿ ‘ಡಿಯು -ಎಸ್‌ಎಚ್’ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಕೊಟ್ಟೆ. ಎಲ್ಲ ಸೇರಿಸಿದರೂ 9 ಜಿಬಿ ದಾಟುವುದಿಲ್ಲ. ಉಳಿದದ್ದು ಎಲ್ಲಿ?

ಗಣಕಮೇಷ್ಟ್ರು
ನಕ್ಷತ್ರ ಚಿಹ್ನೆ ಚುಕ್ಕಿಯಿಂದ ಶುರುವಾಗುವ ಹೆಸರುಗಳನ್ನು ಹಿಡಿಯುವುದಿಲ್ಲ. ಅಡಗಿದ ಫೋಲ್ಡರ್‌ಗಳೆಲ್ಲ ನಿಮ್ಮ ಲೆಕ್ಕದಿಂದ ಹೊರಗುಳಿದಿವೆ. ನಕ್ಷತ್ರ ಬಿಟ್ಟು, ‘ಮ್ಯಾಕ್ಸ್-ಡೆಪ್ತ್’ 1 ಎಂಬ ಆಯ್ಕೆಯೊಂದಿಗೆ ಹೋಮ್ ಫೋಲ್ಡರಿನ ಮೇಲೆಯೇ ಡಿಯು ಕೊಟ್ಟು, ಫಲಿತಾಂಶವನ್ನು ‘ಸಾರ್ಟ್ -ಎಚ್’ಗೆ ಹಾಯಿಸಿ. ದೊಡ್ಡದು ಕೊನೆಯಲ್ಲಿ ಬರುತ್ತದೆ. ಅದರೊಳಗೆ ಹೋಗಿ ಮತ್ತೆ ಅದೇ ಕಮಾಂಡ್ ಕೊಡಿ. ನನ್ನ ಊಹೆ, ‘ಕ್ಯಾಶ್’ ಫೋಲ್ಡರಿನೊಳಗಿನ ‘ಅಪ್‌ಸ್ಟಾರ್ಟ್’ ನೋಡಿ. 14.04ರಲ್ಲಿ ಬಳಕೆದಾರರ ಸೆಷನ್ನನ್ನು ನಡೆಸುವುದು ಅಪ್‌ಸ್ಟಾರ್ಟ್, ಅದರ ಲಾಗ್‌ಗಳು, ಅಂದರೆ ನಡೆದದ್ದನ್ನು ದಾಖಲಿಸುವ ಫೈಲ್‌ಗಳು, ಅಲ್ಲಿರುತ್ತವೆ.

ನಾನು ಶಾಲೆಯೊಂದರ ಪ್ರಯೋಗಾಲಯದಲ್ಲಿ ಇಂಥ ಹನ್ನೆರಡು ಯಂತ್ರಗಳನ್ನು ನೋಡಿಕೊಂಡವನು. ಡಿಸ್ಕ್ ತುಂಬುವುದರ ಬಾಧೆ ಎಲ್ಲ ಯಂತ್ರಗಳಲ್ಲಿ ಒಂದೇ ಮುಖ ತೋರುವುದಿಲ್ಲ. ಒಂದರಲ್ಲಿ ನಿಮ್ಮದರಂತೆ ಲಾಗಿನ್ ಸುತ್ತುತ್ತಿತ್ತು, ಇನ್ನೊಂದರಲ್ಲಿ ‘ವ್ಯವಸ್ಥೆ ಲೋ-ಗ್ರಾಫಿಕ್ಸ್ ಮೋಡ್‌ನಲ್ಲಿ ಓಡುತ್ತಿದೆ’ ಎಂಬ ಪೆಟ್ಟಿಗೆ ಬಂದು ನಿಂತಿತ್ತು. ಆ ಪೆಟ್ಟಿಗೆಯನ್ನು ನಂಬಿ ನಾನು ಎರಡು ದಿನ ಗ್ರಾಫಿಕ್ಸ್ ಡ್ರೈವರ್ ತೆಗೆದು ಹಾಕುತ್ತ ಕುಳಿತಿದ್ದೆ. ನಿಜಕ್ಕೂ ಡ್ರೈವರಿನಿಂದಲೇ ಕೆಟ್ಟದ್ದು ಎನ್‌ವಿಡಿಯಾ ಕಾರ್ಡ್ ಇದ್ದ ಮೂರು ಯಂತ್ರಗಳು. ವ್ಯವಸ್ಥೆಯ ತಿರುಳಾದ ಕರ್ನಲ್ ಅಪ್‌ಡೇಟ್ ಆದ ಮೇಲೆ ಹೊಸ ಕರ್ನಲ್ಲಿಗೆ ಡ್ರೈವರಿನ ಮಾಡ್ಯೂಲ್ ಕಟ್ಟಬೇಕು, ಹೆಡರ್ ಫೈಲ್‌ಗಳು ಇಲ್ಲದಿದ್ದರೆ ಅದು ಕಟ್ಟಿಕೊಳ್ಳುವುದಿಲ್ಲ. ಅಲ್ಲಿ ಗೆಸ್ಟ್ ಸೆಷನ್ ಕೂಡ ತೆರೆಯುತ್ತಿರಲಿಲ್ಲ. ಕರಿಪರದೆ ಅವರು ಮೊದಲು ಗೆಸ್ಟ್ ನೋಡಿ ಎಂದದ್ದರ ಬೆಲೆ ನನಗೆ ಗೊತ್ತಾಗುವುದು ಅದಕ್ಕೇ. ಹಳೆಯ ಕಾರ್ಡ್‌ಗಳಿಗೆ ಎನ್‌ವಿಡಿಯಾ ಬೆಂಬಲವೂ ನಿಂತುಹೋಗಿದೆ: ಜಿಫೋರ್ಸ್ 6 ಮತ್ತು 7ರ ಸಾಲಿನವಕ್ಕೆ ಬೇಕಾದ 304 ಡ್ರೈವರ್ 2017ಕ್ಕೆ, 8 ಮತ್ತು 9ರ ಸಾಲಿನವಕ್ಕೆ ಬೇಕಾದ 340 ಡ್ರೈವರ್ 2019ಕ್ಕೆ ಕೊನೆಯಾದವು. ಆ ಮೂರರಲ್ಲಿ ಕಡೆಗೆ ಎನ್‌ವಿಡಿಯಾ ಡ್ರೈವರನ್ನು ತೆಗೆದು, ಮುಕ್ತ ತಂತ್ರಾಂಶವಾದ ನೂವೋದಲ್ಲೇ ಓಡಿಸಿದೆ.

ಹೊಳೆಸಾಲು
ಮೇಷ್ಟ್ರೇ, ನಿಮ್ಮ ಊಹೆ ಅಕ್ಷರಶಃ ನಿಜವಾಯಿತು. ಅಪ್‌ಸ್ಟಾರ್ಟ್ ಫೋಲ್ಡರಿನಲ್ಲಿ ಯೂನಿಟಿಯ ಪ್ಯಾನೆಲ್ ಸೇವೆಗೆ ಸೇರಿದ ಲಾಗ್ ಫೈಲ್ ಒಂದೇ 51 ಜಿಬಿ ಇದೆ. ‘ಟೇಲ್’ ಕೊಟ್ಟು ಕೊನೆಯ ಇಪ್ಪತ್ತು ಸಾಲು ನೋಡಿದೆ. ಒಂದೇ ಎಚ್ಚರಿಕೆಯ ಸಾಲು ಇಪ್ಪತ್ತು ಸಲ ಇತ್ತು. ಇದನ್ನು ಅಳಿಸಬಹುದೇ?

ಕರಿಪರದೆ
ಅಳಿಸಬಹುದು, ಅದರಲ್ಲಿ ಅಪ್ಪನ ಬರಹ ಏನೂ ಇಲ್ಲ. ಆದರೆ ಫೈಲನ್ನೇ ತೆಗೆಯುವ ಬದಲು ‘ಟ್ರಂಕೇಟ್ -ಎಸ್ 0’ ಕೊಟ್ಟು ಖಾಲಿ ಮಾಡಿ. ಯಾವುದಾದರೂ ಪ್ರೋಗ್ರಾಂ ಒಂದು ಫೈಲನ್ನು ತೆರೆದು ಹಿಡಿದುಕೊಂಡಿದ್ದರೆ, ಅದನ್ನು ಅಳಿಸಿದರೂ ಜಾಗ ಮರಳುವುದಿಲ್ಲ; ಹೆಸರು ಮಾತ್ರ ಮಾಯವಾಗುತ್ತದೆ. ಖಾಲಿ ಮಾಡಿದರೆ ಆ ಗೊಂದಲವಿಲ್ಲ. ಆಮೇಲೆ ಎಕ್ಸ್‌ಅಥಾರಿಟಿ ಫೈಲಿನ ಹೆಸರನ್ನು ಸುಡೊ ಹಾಕಿ ಬದಲಾಯಿಸಿ ಪಕ್ಕಕ್ಕಿಡಿ, ಮುಂದಿನ ಲಾಗಿನ್‌ನಲ್ಲಿ ಹೊಸದು ತಾನಾಗಿ ಹುಟ್ಟುತ್ತದೆ. ಅದೇ ಹೆಸರಿನ ಕೊನೆಗೆ ‘-ಸಿ’ ಅಥವಾ ‘-ಎಲ್’ ಸೇರಿದ ಫೈಲ್‌ಗಳು ಕಂಡರೆ ಅವು ಅರ್ಧಕ್ಕೆ ನಿಂತ ಬೀಗಗಳು, ಅವನ್ನೂ ತೆಗೆಯಿರಿ.

ಹೊಳೆಸಾಲು
ಒಳಗೆ ಹೋಯಿತು! ಡಿಸ್ಕ್ ಈಗ 17 ಜಿಬಿ ಬಳಕೆ ತೋರಿಸುತ್ತಿದೆ. ಆದರೆ ಕೆಲಸ ಮುಗಿದಿಲ್ಲ. ಲಾಗಿನ್ ಆದ ಮೇಲೆ ಹಿನ್ನೆಲೆಯ ಚಿತ್ರ ಮಾತ್ರ ಇದೆ. ಎಡಬದಿಯ ಲಾಂಚರ್ ಇಲ್ಲ, ಮೇಲಿನ ಪಟ್ಟಿಯೂ ಇಲ್ಲ. ಮೌಸ್ ಓಡಾಡುತ್ತದೆ. ಕಂಟ್ರೋಲ್, ಆಲ್ಟ್, ಟಿ ಒತ್ತಿದರೆ ಟರ್ಮಿನಲ್ ಬರುತ್ತದೆ, ಆದರೆ ಅದರ ತಲೆಯ ಮೇಲಿನ ಪಟ್ಟಿ ಇಲ್ಲ.

ತುಂಗಾತೀರ
ಇದು ಕಿಟಕಿಗಳನ್ನು ನಿರ್ವಹಿಸುವ ಕಾಂಪಿಜ್‌ನಲ್ಲಿ ಯೂನಿಟಿ ಪ್ಲಗಿನ್ ಆಫ್ ಆದಾಗ ಕಾಣುವ ಲಕ್ಷಣ. ಆ ಟರ್ಮಿನಲ್‌ನಲ್ಲಿ ‘ಡಿಕಾನ್ಫ್ ರೀಸೆಟ್ -ಎಫ್’ ಎಂದು ಬರೆದು, ಅದರ ಮುಂದೆ ಓಆರ್‌ಜಿ, ಕಾಂಪಿಜ್ ಎಂಬ ಹೆಸರುಗಳನ್ನು ಓರೆಗೆರೆಗಳ ನಡುವೆ ಕೊಡಿ, ಕೊನೆಯ ಓರೆಗೆರೆ ಬಿಡಬಾರದು. ಆಮೇಲೆ ‘ಸೆಟ್‌ಸಿಡ್ ಯೂನಿಟಿ’. ಮೊದಲ ಉತ್ತರದಲ್ಲಿ ನಾನು ಲಕ್ಷಣ ನೋಡಿದ ಕೂಡಲೇ ಔಷಧ ಹೇಳಿದೆ, ಅದು ಅವಸರವಾಯಿತು. ಈ ಸಲವೂ ಕರಿಪರದೆ ಅವರು ಒಮ್ಮೆ ನೋಡಿ ಹೇಳಲಿ.

ಕರಿಪರದೆ
ತುಂಗಾತೀರ ಅವರ ಸಲಹೆ ಸರಿಯಾದದ್ದೇ, ಆದರೆ ಅದರ ಸರದಿ ಎರಡನೆಯದು. ಸ್ಟಾರ್ಟ್‌ಎಕ್ಸ್ ಬಿಟ್ಟುಹೋದ ಎರಡನೆಯ ತೊಂದರೆ ಇನ್ನೂ ಉಳಿದಿದೆ. ಯೂನಿಟಿಯ ಆಯ್ಕೆಗಳನ್ನೆಲ್ಲ ಡಿಕಾನ್ಫ್ ಎಂಬುದು ಹೋಮ್‌ನ ‘ಕಾನ್ಫಿಗ್’ ಫೋಲ್ಡರಿನೊಳಗೆ ಒಂದು ಫೈಲಿನಲ್ಲಿ ಇಡುತ್ತದೆ. ಆ ಫೈಲೇ ರೂಟ್‌ನ ವಶದಲ್ಲಿದ್ದರೆ, ರೀಸೆಟ್ ಕೊಟ್ಟರೂ ಅದನ್ನು ಬರೆಯಲು ಅಪ್ಪನ ಖಾತೆಗೆ ಹಕ್ಕಿರುವುದಿಲ್ಲ.

‘ಫೈಂಡ್’ ಕಮಾಂಡಿಗೆ ಹೋಮ್ ಫೋಲ್ಡರಿನ ಪೂರ್ತಿ ದಾರಿಯನ್ನೂ ‘-ಯೂಸರ್ ರೂಟ್’ ಎಂಬ ಆಯ್ಕೆಯನ್ನೂ ಕೊಡಿ, ರೂಟ್ ಒಡೆತನದ ಫೈಲ್‌ಗಳ ಪಟ್ಟಿ ಬರುತ್ತದೆ. ಪಟ್ಟಿಯನ್ನು ಓದಿ ನೋಡಿದ ಮೇಲೆ, ಸುಡೊ ಹಾಕಿ ‘ಚೋನ್ -ಆರ್’ ಕೊಟ್ಟು ಇಡೀ ಹೋಮ್ ಫೋಲ್ಡರಿನ ಒಡೆತನವನ್ನು ಅಪ್ಪನ ಹೆಸರಿಗೆ ಮಾಡಿ. ಇಲ್ಲೊಂದು ಗುಂಡಿಯಿದೆ, ದಯವಿಟ್ಟು ಗಮನಿಸಿ. ಅಡಗಿದ ಫೈಲ್‌ಗಳು ಬೇಕೆಂದು ಕೆಲವರು ‘ಚುಕ್ಕಿ ನಕ್ಷತ್ರ’ ಎಂದು ಕೊಡುತ್ತಾರೆ. ಕಮಾಂಡ್‌ಗಳನ್ನು ಓದಿ ನಡೆಸುವ ಬ್ಯಾಶ್‌ನ ಹಳೆಯ ಆವೃತ್ತಿಗಳಲ್ಲಿ ಅದು ಎರಡು ಚುಕ್ಕಿಯನ್ನೂ, ಅಂದರೆ ಮೇಲಿನ ಫೋಲ್ಡರನ್ನೂ ಹಿಡಿಯುತ್ತದೆ. ಒಡೆತನ ಬದಲಾವಣೆ ಮೇಲಕ್ಕೆ ಹತ್ತಿ ಬೇರೆಯವರ ಹೋಮ್ ಫೋಲ್ಡರಿಗೂ ಹಬ್ಬುತ್ತದೆ. ಬ್ಯಾಶ್ 5.2ರಲ್ಲಿ ಇದನ್ನು ಸರಿಪಡಿಸಿದ್ದಾರೆ, ನಿಮ್ಮದರಲ್ಲಿ ಇರುವುದು ಅದಕ್ಕಿಂತ ಎಷ್ಟೋ ಹಳೆಯದು. ನಕ್ಷತ್ರ ಬೇಡ, ಚುಕ್ಕಿ ಬೇಡ, ಫೋಲ್ಡರಿನ ಪೂರ್ತಿ ಹೆಸರನ್ನೇ ಬರೆಯಿರಿ. ಆಮೇಲೆ ರೀಸ್ಟಾರ್ಟ್ ಮಾಡಿ. ಲಾಂಚರ್ ಆಗಲೂ ಬರದಿದ್ದರೆ ತುಂಗಾತೀರ ಅವರು ಹೇಳಿದಂತೆ ರೀಸೆಟ್ ಮಾಡಿ.

ಹೊಳೆಸಾಲು
ಪಟ್ಟಿಯಲ್ಲಿ ಹದಿನೇಳು ಹೆಸರುಗಳು ಬಂದವು. ನೀವು ಹೇಳಿದ ಡಿಕಾನ್ಫ್ ಫೈಲ್ ಅವುಗಳಲ್ಲಿ ಇತ್ತು. ಕ್ಯಾಶ್ ಒಳಗಿನ ಕೆಲವು, ‘ಐಸ್‌ಅಥಾರಿಟಿ’ ಎಂಬ ಇನ್ನೊಂದು ಫೈಲ್ ಕೂಡ ಇದ್ದವು. ಚೋನ್ ಮಾಡಿ ರೀಸ್ಟಾರ್ಟ್ ಮಾಡಿದೆ. ಲಾಂಚರ್ ಬಂತು, ಮೇಲಿನ ಪಟ್ಟಿ ಬಂತು, ಅದರ ಮೂಲೆಯಲ್ಲಿ ಕನ್ನಡ ಕೀಲಿಮಣೆಯ ಗುರುತೂ ಬಂತು. ರೀಸೆಟ್ ಬೇಕಾಗಲಿಲ್ಲ. ಅಪ್ಪ ಕಳೆದುಹೋದ ಆ ಎರಡು ಪುಟಗಳನ್ನು ನೆನಪಿನಿಂದಲೇ ಮತ್ತೆ ಟೈಪ್ ಮಾಡಲು ಕುಳಿತಿದ್ದಾರೆ.

ಆ ಲಾಗ್ ಮತ್ತೆ ಬೆಳೆಯುತ್ತದೆಯೇ? ನಾನು ಭಾನುವಾರ ಹೊರಡುತ್ತೇನೆ.

ಗಣಕಮೇಷ್ಟ್ರು
ಬೆಳೆಯಬಹುದು, ಎಚ್ಚರಿಕೆ ಹುಟ್ಟುವ ಮೂಲ ಹಾಗೆಯೇ ಇದೆ. ಹೊರಡುವ ಮುನ್ನ ಎರಡು ದಿನ ಅದರ ಗಾತ್ರ ನೋಡಿ. ಹತ್ತು ಎಂಬಿ ದಾಟಿದರೆ ಖಾಲಿ ಮಾಡುವ ಒಂದು ಸಾಲನ್ನು ಅಪ್ಪನ ಕ್ರಾನ್‌ಟ್ಯಾಬ್‌ನಲ್ಲಿ (ನಿಗದಿತ ವೇಳೆಗೆ ತಾನಾಗಿ ಓಡುವ ಕಮಾಂಡ್‌ಗಳ ಪಟ್ಟಿ) ದಿನಕ್ಕೊಮ್ಮೆ ಓಡುವಂತೆ ಸೇರಿಸಿ.

ಆದರೆ ಇದು ಮುಂದಿನ ರಜೆಯವರೆಗಿನ ಏರ್ಪಾಡು ಮಾತ್ರ. 2019ರಿಂದ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು ನಿಂತ ಯಂತ್ರವನ್ನು ಅಂತರ್ಜಾಲಕ್ಕೆ ಜೋಡಿಸಬಾರದು. ಕೋರ್ 2 ಡ್ಯುಯೊ 64 ಬಿಟ್ ಪ್ರೊಸೆಸರ್; ನೀವು 32 ಬಿಟ್ ಆವೃತ್ತಿ ಹಾಕಿದ್ದೀರಿ ಅಷ್ಟೇ. ‘ಎಲ್ಎಸ್‌ಸಿಪಿಯು’ ಕೊಟ್ಟರೆ ಎರಡೂ ಬಗೆಯಲ್ಲಿ ಓಡಬಲ್ಲದು ಎಂದು ತೋರಿಸುತ್ತದೆ. ಇದು ಮುಖ್ಯ, ಏಕೆಂದರೆ 2025ರಲ್ಲಿ ಬಂದ, ಉಬುಂಟುವಿನಂಥದೇ ಇನ್ನೊಂದು ಲಿನಕ್ಸ್ ಆದ ಡೆಬಿಯನ್ 13ರಲ್ಲಿ 32 ಬಿಟ್ ಪಿಸಿಗಳಿಗೆ ಇನ್‌ಸ್ಟಾಲರ್ ಇಲ್ಲ, 64 ಬಿಟ್ ಯಂತ್ರಕ್ಕೆ ಆ ತೊಡಕಿಲ್ಲ. 2 ಜಿಬಿ ರ್‍ಯಾಮ್‌ಗೆ ಎಕ್ಸ್‌ಎಫ್‌ಸಿಇ ಅಥವಾ ಎಲ್ಎಕ್ಸ್‌ಕ್ಯೂಟಿ ಡೆಸ್ಕ್‌ಟಾಪ್ ಹೊಂದುತ್ತದೆ. ಕನ್ನಡದ ಗುಬ್ಬಿ ಮತ್ತು ನವಿಲು ಫಾಂಟ್‌ಗಳು ಡೆಬಿಯನ್‌ನ ಭಂಡಾರದಲ್ಲೇ ಸಿಗುತ್ತವೆ. ಹೊಸದನ್ನು ಹಾಕುವಾಗ ಹೋಮ್‌ಗೆ ಬೇರೆ ವಿಭಾಗ ಮಾಡಿ. ಲಾಗ್ ಬೆಳೆದರೂ ವ್ಯವಸ್ಥೆಯ ಜಾಗವನ್ನು ತಿನ್ನಲಾರದು.

ಹೊಳೆಸಾಲು
ಎಲ್ಎಸ್‌ಸಿಪಿಯು ಕೊಟ್ಟು ನೋಡಿದೆ, 32 ಮತ್ತು 64 ಎರಡೂ ಬರೆದಿದೆ. ದೀಪಾವಳಿಗೆ ಬರುವಾಗ ಡೆಬಿಯನ್ ಹಾಕುತ್ತೇನೆ, ಅಲ್ಲಿಯವರೆಗೆ ಯಂತ್ರ ಅಂತರ್ಜಾಲದಿಂದ ಹೊರಗಿರುತ್ತದೆ. ಲಾಗ್ ನಿನ್ನೆಯಿಂದ ಇವತ್ತಿಗೆ 38 ಎಂಬಿ ಆಗಿದೆ, ಕ್ರಾನ್‌ಟ್ಯಾಬ್ ಸಾಲು ಸೇರಿಸಿದ್ದೇನೆ. ಅಪ್ಪನಿಗೆ ಎರಡು ಪೆನ್‌ಡ್ರೈವ್ ತಂದುಕೊಟ್ಟಿದ್ದೇನೆ. ಒಂದು ಶನಿವಾರ ಒಂದಕ್ಕೆ, ಮುಂದಿನ ಶನಿವಾರ ಇನ್ನೊಂದಕ್ಕೆ ಪ್ರತಿ ಮಾಡಿಕೊಳ್ಳುವುದನ್ನು ಅವರು ತಮ್ಮ ಡೈರಿಯಲ್ಲಿ ತಾವೇ ಬರೆದುಕೊಂಡಿದ್ದಾರೆ. ಪಾಸ್‌ವರ್ಡಿನ ಅಂಕಿಗಳನ್ನು ಮೇಲಿನ ಸಾಲಿನಿಂದ ಒತ್ತಬೇಕು ಎಂಬುದನ್ನೂ ಅದರ ಕೆಳಗೆ ಸೇರಿಸಿದ್ದಾರೆ.